ಕೆರೆ, ಜಲಾಶಯಗಳಲ್ಲಿ ಹೂಳು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ

ಮಳೆನೀರಿನ ಜೊತೆ ಹರಿದುಬಂದ ಮಣ್ಣು, ಮರಳು, ಕಸಕಡ್ಡಿ ಕೆರೆ ಅಥವಾ ಜಲಾಶಯದ ತಳದಲ್ಲಿ ನೆಲೆನಿಂತು, ಅದು ಹಿಡಿಯಬಲ್ಲ ನೀರಿನ ಪ್ರಮಾಣವನ್ನು ಕಡಿಮೆ ಮಾಡುವುದನ್ನು ಹೂಳು ತುಂಬುವುದು ಎನ್ನುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕುಡಿಯುವುದಕ್ಕೂ ಬೆಳೆಗೂ ದನಕರುಗಳಿಗೂ ಇಲ್ಲಿನ ಜನ ನಂಬಿಕೊಂಡು ಬಂದದ್ದು ಕೆರೆ, ಕಟ್ಟೆ, ಕುಂಟೆ, ತಲಪರಿಗೆಗಳನ್ನು. ಈಚಿನ ಐವತ್ತು ವರ್ಷಗಳಲ್ಲಿ ಕೊಳವೆಬಾವಿಗಳನ್ನು. ಹೂಳು ಇವೆಲ್ಲಕ್ಕೂ ಏಟು ಕೊಡುತ್ತದೆ. ಕೆರೆಯ ಹೊಟ್ಟೆ ಕಿರಿದಾಗುವುದು ಕಣ್ಣಿಗೆ ಕಾಣುವ ನಷ್ಟ. ತಳದಲ್ಲಿ ಜೇಡಿ ಗಟ್ಟಿಯಾಗಿ ಕೂತು ನೀರು ನೆಲಕ್ಕೆ ಇಂಗುವುದು ನಿಲ್ಲುವುದು ಕಣ್ಣಿಗೆ ಕಾಣದ ನಷ್ಟ. ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ಇರುವ, ಇಂಗುವ ಮಳೆನೀರೇ ಅದನ್ನು ತಗ್ಗಿಸಬೇಕಾದ ಪಾವಗಡದಂಥ ತಾಲ್ಲೂಕಿನಲ್ಲಿ ಈ ಎರಡನೆಯ ನಷ್ಟವೇ ದೊಡ್ಡದು.

ನೆಲ, ಮಳೆ, ಹಳ್ಳ

ಈ ಪ್ರದೇಶದ ನಡುವೆ ಉತ್ತರ ದಕ್ಷಿಣವಾಗಿ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಯ ಪಟ್ಟಿ ಹಾದುಹೋಗಿದೆ. ಚನ್ನರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಪಾವಗಡ ಎಲ್ಲವೂ ಬೋಳುಬಂಡೆಯ ಬೆಟ್ಟಗಳು. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ನೇರ ಬುಡಕ್ಕೆ ಧುಮುಕುತ್ತದೆ. ಬುಡದಲ್ಲಿರುವುದು ಗ್ರಾನೈಟ್ ಶಿಥಿಲವಾಗಿ ಆದ ಗರಸು ಮತ್ತು ಮರಳುಮಿಶ್ರಿತ ಕೆಂಪುಮಣ್ಣು. ಅದರಲ್ಲಿ ಸಾವಯವ ಅಂಶ ಕಡಿಮೆ. ಹನಿಯ ಏಟಿಗೆ ಮೇಲ್ಪದರ ಬೇಗ ಬಿಡಿಯಾಗಿ, ಹೆಪ್ಪುಗಟ್ಟಿದಂತೆ ಮುಚ್ಚಿಕೊಂಡು, ಮುಂದಿನ ನೀರನ್ನು ಹರಿಯಬಿಡುತ್ತದೆ.

ವರ್ಷದ ಮಳೆ ಸುಮಾರು 500ರಿಂದ 700 ಮಿಲಿಮೀಟರ್. ಪಾವಗಡ, ಶಿರಾಗಳಲ್ಲಿ ಕಡಿಮೆ, ಕೊರಟಗೆರೆಯ ಕಡೆ ತುಸು ಹೆಚ್ಚು. ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ರೈತರ ಲೆಕ್ಕದಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ವರ್ಷದ ಸರಾಸರಿಯಿಂದ ಹೂಳಿನ ವಿಷಯ ಏನೂ ತಿಳಿಯುವುದಿಲ್ಲ. ಹತ್ತು ವರ್ಷ ಹನಿಹನಿಯಾಗಿ ಬಂದು ಹೋದ ಮಳೆ ತಾರದ ಮಣ್ಣನ್ನು ಒಂದು ರಾತ್ರಿಯ ಹುಚ್ಚುಮಳೆ ತಂದು ಸುರಿಯುತ್ತದೆ. 2021 ಮತ್ತು 2022ರ ಮಳೆಗಾಲಗಳಲ್ಲಿ ಎಷ್ಟೋ ವರ್ಷಗಳಿಂದ ಕೋಡಿ ಕಾಣದಿದ್ದ ಕೆರೆಗಳು ಈ ಭಾಗದಲ್ಲಿ ತುಂಬಿ ಹರಿದವು. ಊರೂರಲ್ಲಿ ಬಾಗಿನ ಬಿಟ್ಟದ್ದು ಸುದ್ದಿಯಾಯಿತು. ಆ ನೀರಿನ ಜೊತೆ ಎಷ್ಟು ಮಣ್ಣು ಬಂತೆಂಬುದು ಸುದ್ದಿಯಾಗಲಿಲ್ಲ.

ನಾಲ್ಕು ತಾಲ್ಲೂಕುಗಳ ನೀರು ಎರಡು ಕಣಿವೆಗಳಿಗೆ ಹಂಚಿಹೋಗುತ್ತದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರಪ್ರದೇಶದ ಹಿಂದೂಪುರದ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕದ ನೆಲ ಮುಟ್ಟಿ ಹೋಗುತ್ತದೆ. ಶಿರಾ ಕಡೆಯ ಸುವರ್ಣಮುಖಿ ಉತ್ತರಕ್ಕೆ ಹರಿದು ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಯನ್ನು ಕೂಡಿ, ಮುಂದೆ ತುಂಗಭದ್ರೆಯ ಮೂಲಕ ಕೃಷ್ಣೆಗೆ ಸಲ್ಲುತ್ತದೆ. ಕೊರಟಗೆರೆ ಪಟ್ಟಣದ ಪಕ್ಕದಲ್ಲಿ ಹರಿಯುವುದೂ ಸುವರ್ಣಮುಖಿಯೇ, ಆದರೆ ಅದು ಬೇರೆ ಹೊಳೆ. ಈ ಹಳ್ಳಗಳಿಗೆ ಅಡ್ಡಲಾಗಿ ಒಂದರ ಕೆಳಗೊಂದು ಕಟ್ಟಿದ ಕೆರೆಗಳ ಸರಪಳಿಯೇ ಇಲ್ಲಿನ ಜಲವ್ಯವಸ್ಥೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಒಳಹರಿವು.

ಮಣ್ಣು ಎಲ್ಲಿಂದ ಬರುತ್ತದೆ

ಬೆಟ್ಟ ಬೋಳಾಯಿತು, ಅದಕ್ಕೇ ಹೂಳು ಬಂತು ಎನ್ನುವುದು ಅರ್ಧ ಸತ್ಯ. ಬಂಡೆಯ ಮೇಲೆ ಕೊಚ್ಚಿಹೋಗಲು ಮಣ್ಣೇ ಇಲ್ಲ. ಬಂಡೆ ನೀರಿಗೆ ವೇಗ ಕೊಡುತ್ತದೆ. ಮಣ್ಣು ಕೊಡುವುದು ಬುಡದ ಹೊಲಗಳು, ಗೋಮಾಳಗಳು, ಹಳ್ಳದ ದಂಡೆಗಳು.

ಶಿರಾ, ಮಧುಗಿರಿ, ಪಾವಗಡದ ಮಳೆಯಾಶ್ರಿತ ಹೊಲಗಳಲ್ಲಿ ಕಡಲೆಕಾಯಿ ಬಹುಕಾಲ ಒಡೆಯನಂತೆ ಆಳಿದ ಬೆಳೆ. ಮುಂಗಾರಿನ ಮೊದಲ ಹದಕ್ಕೆ ಉಳುಮೆ, ಜೂನ್ ಜುಲೈನಲ್ಲಿ ಬಿತ್ತನೆ. ಗಿಡ ನೆಲ ಮುಚ್ಚುವಷ್ಟರಲ್ಲಿ ಎರಡು ತಿಂಗಳು ಕಳೆಯುತ್ತದೆ. ಆಮೇಲೆ ಕಟಾವು. ರಾಗಿಯನ್ನು ಕೊಯ್ದರೆ ಕೂಳೆ ನೆಲದಲ್ಲೇ ಉಳಿದು ಮಣ್ಣನ್ನು ಹಿಡಿದಿರುತ್ತದೆ. ಕಡಲೆಕಾಯಿಯನ್ನು ಗಿಡಸಮೇತ ಕಿತ್ತು ಮಣ್ಣು ಒದರಬೇಕು. ಹೊಲವಿಡೀ ಗುದ್ದಲಿಯಲ್ಲಿ ಕೆದಕಿದಂತೆ ಸಡಿಲವಾಗಿ ಬಿದ್ದಿರುತ್ತದೆ. ಈ ಕೀಳುವ ಕಾಲವೂ ಚಿತ್ತೆ, ಸ್ವಾತಿ ಮಳೆಯ ಕಾಲವೂ ಒಂದೇ. ವರ್ಷದ ಜೋರು ಮಳೆ ವರ್ಷದ ಸಡಿಲ ನೆಲದ ಮೇಲೆ ಬೀಳುವ ಈ ಹೊಂದಾಣಿಕೆ ಇಲ್ಲಿನ ಹೂಳಿಗೆ ದೊಡ್ಡ ಕಾರಣವೆಂದು ಹೇಳಬಹುದು.

ಎರಡನೆಯದು ಕೊರಕಲು. ಬದುವಿನ ತೂತು, ಬಂಡಿಜಾಡು, ರಸ್ತೆಯ ಮೋರಿಯ ಬಾಯಿ ಇಂಥ ಕಡೆ ಒಮ್ಮೆ ನೀರು ದಾರಿ ಕಂಡುಕೊಂಡರೆ ಗೇಣುದ್ದದ ಸೀಳು ಕೆಲವೇ ವರ್ಷಗಳಲ್ಲಿ ಆಳುದ್ದವಾಗುತ್ತದೆ. ಹೊಲದ ಮೇಲ್ಪದರದಿಂದ ಎದ್ದ ಮಣ್ಣು ದಾರಿಯಲ್ಲಿ ಬದು, ಬೇಲಿ, ಹುಲ್ಲುಗಳಲ್ಲಿ ಅಲ್ಲಲ್ಲಿ ತಂಗುತ್ತದೆ. ಕೊರಕಲಿನ ಮಣ್ಣು ಎಲ್ಲೂ ತಂಗದೆ ಸೀದಾ ಕೆರೆಗೆ ಬರುತ್ತದೆ.

ಮೂರನೆಯದು ಮರಳು. ಜಯಮಂಗಲಿಯ ಪಾತ್ರದಲ್ಲಿ ನಡೆದ ಮರಳು ಗಣಿಗಾರಿಕೆ ಹೊಳೆಯ ತಳವನ್ನು ಕೆಳಕ್ಕಿಳಿಸಿದೆ. ತಳ ಇಳಿದರೆ ದಂಡೆ ಕುಸಿಯುತ್ತದೆ, ಸೇರುವ ಹಳ್ಳಗಳೂ ತಮ್ಮ ತಳವನ್ನು ಕೊರೆದುಕೊಳ್ಳುತ್ತವೆ. ಇದರ ತಮ್ಮನೇ ಫಿಲ್ಟರ್ ಮರಳು. ಕೆರೆಯಂಗಳದ, ಹಳ್ಳದ ದಂಡೆಯ ಅಥವಾ ಹೊಲದ ಮಣ್ಣನ್ನು ಗುಂಡಿಗೆ ಸುರಿದು, ಪಂಪಿನ ನೀರು ಬಿಟ್ಟು ಕಲಕುತ್ತಾರೆ. ಮರಳು ಕೆಳಗೆ ಕೂರುತ್ತದೆ, ಕೆಂಪು ಬಗ್ಗಡ ಪಕ್ಕದ ಕಾಲುವೆಗೆ ಹೋಗುತ್ತದೆ. ಲಾರಿ ಏರುವುದು ಮರಳು. ಕೆರೆಗೆ ಉಳಿಯುವುದು ಅದರ ಅತಿ ಸಣ್ಣ ಜೇಡಿ. ಕೆರೆಯಿಂದ ಮಣ್ಣು ಹೊರಹೋಯಿತಲ್ಲ, ಒಳ್ಳೆಯದೇ ಆಯಿತಲ್ಲ ಎಂಬ ವಾದ ಇಲ್ಲಿ ನಿಲ್ಲದು. ಹೋಗಬಾರದ್ದು ಹೋಗಿ, ಉಳಿಯಬಾರದ್ದು ಉಳಿದಿರುತ್ತದೆ.

ಕೆರೆಯೊಳಗೆ ಹೂಳು ಕೂರುವ ಬಗೆ

ಹರಿವ ನೀರು ನಿಂತ ನೀರನ್ನು ಮುಟ್ಟಿದ ಕೂಡಲೇ ವೇಗ ಕಳೆದುಕೊಂಡು ಮೊದಲು ದಪ್ಪ ಮರಳನ್ನು ಇಳಿಸುತ್ತದೆ. ಆದ್ದರಿಂದ ಕಾಲುವೆ ಕೆರೆಗೆ ಕೂಡುವ ಬಾಯಲ್ಲಿ ಮರಳಿನ ದಿಬ್ಬ ಬೆಳೆಯುತ್ತದೆ. ನಡು ಅಂಗಳದಲ್ಲಿ ನುಣ್ಣನೆಯ ಮಣ್ಣು, ಏರಿಯ ಬುಡ ಮತ್ತು ತೂಬಿನ ಸುತ್ತ ಅಂಟು ಜೇಡಿ. ಬೇಸಿಗೆಯಲ್ಲಿ ಒಣಗಿದ ಕೆರೆಯ ನಡುವೆ ಮೊಣಕಾಲುದ್ದದ ಗುಂಡಿ ತೋಡಿದರೆ ಗೋಡೆಯಲ್ಲಿ ಪದರಗಳು ಕಾಣುತ್ತವೆ. ಬೆರಳಿನಷ್ಟು ದಪ್ಪದ ಕಪ್ಪು ಜೇಡಿ, ಅದರ ಕೆಳಗೆ ನೂಲಿನಂಥ ಮರಳಿನ ಗೆರೆ, ಮತ್ತೆ ಜೇಡಿ. ಮರಳಿನ ಗೆರೆಯೊಂದು ದಪ್ಪವಾಗಿದ್ದರೆ ಅದು ಯಾವುದೋ ದೊಡ್ಡ ಮಳೆಯ ಗುರುತು. ಹಳೆಯ ಕೆರೆಗಳಲ್ಲಿ ಪದರದ ವಯಸ್ಸು ಹಿಡಿಯಲು ಸೀಸಿಯಂ-137 ಎಂಬ ವಿಕಿರಣಶೀಲ ಧಾತುವನ್ನು ಅಳೆಯುವ ಕ್ರಮವೂ ಉಂಟು. ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳ ಈ ಧೂಳು ಜಗತ್ತಿನ ಮೇಲೆ ಅತಿ ಹೆಚ್ಚಾಗಿ ಬಿದ್ದದ್ದು 1963ರಲ್ಲಿ. ಅದು ಗರಿಷ್ಠವಾಗಿರುವ ಪದರ ಆ ವರ್ಷದ ಆಸುಪಾಸಿನದು ಎಂದು ತಿಳಿಯುತ್ತಾರೆ.

ಒಣಗುವ ಕೆರೆಗೂ ಸದಾ ನೀರಿರುವ ಜಲಾಶಯಕ್ಕೂ ಇಲ್ಲೊಂದು ವ್ಯತ್ಯಾಸವಿದೆ. ಲಾರಾ ಮತ್ತು ಪೆಂಬರ್ಟನ್ ಎಂಬ ಇಂಜಿನಿಯರುಗಳು 1963ರಲ್ಲಿ ಕೊಟ್ಟ ಅಂಕಿಗಳಂತೆ, ಸದಾ ಮುಳುಗಿರುವ ಜೇಡಿಯ ಒಣತೂಕ ಘನಮೀಟರಿಗೆ 416 ಕಿಲೋಗ್ರಾಂ. ಬಹುಕಾಲ ಖಾಲಿ ಇರುವ ಜಲಾಶಯದಲ್ಲಿ ಅದೇ ಜೇಡಿ 641 ಕಿಲೋಗ್ರಾಂ. ಬಿಸಿಲಿಗೆ ಒಣಗಿ, ಬಿರಿದು, ಬಿಗಿಯಾಗುವ ಜೇಡಿ ಕಡಿಮೆ ಜಾಗ ಹಿಡಿಯುತ್ತದೆ. ಹಾಗೆಯೇ ಇನ್ನೊಂದು: ಮರಳಿಗೆ ಈ ವ್ಯತ್ಯಾಸ ಇಲ್ಲವೇ ಇಲ್ಲ.

ಅಳತೆ ಮತ್ತು ಲೆಕ್ಕದ ಮಾದರಿಗಳು

ಹೂಳನ್ನು ತಿಳಿಯಲು ಎರಡು ದಾರಿ. ಕೆರೆಯಲ್ಲಿ ಈಗಾಗಲೇ ಕೂತಿರುವುದನ್ನು ಅಳೆಯುವುದು ಒಂದು. ಮುಂದೆ ಎಷ್ಟು ಬಂದೀತೆಂದು ಲೆಕ್ಕ ಕಟ್ಟುವುದು ಇನ್ನೊಂದು.

ದೊಡ್ಡ ಜಲಾಶಯಗಳಲ್ಲಿ ದೋಣಿಗೆ ಪ್ರತಿಧ್ವನಿ ಆಳಮಾಪಕವನ್ನೂ ಉಪಗ್ರಹ ಸ್ಥಾನಸೂಚಕವನ್ನೂ ಕಟ್ಟಿ ಅಡ್ಡಡ್ಡ ಗೆರೆಗಳಲ್ಲಿ ಓಡಾಡಿ ತಳದ ನಕ್ಷೆ ತೆಗೆಯುತ್ತಾರೆ. ಉಪಗ್ರಹ ಚಿತ್ರಗಳಿಂದ ಬೇರೆಬೇರೆ ಮಟ್ಟದಲ್ಲಿ ನೀರು ಹರಡಿದ ವಿಸ್ತಾರವನ್ನು ಹಳೆಯ ನಕ್ಷೆಯೊಂದಿಗೆ ಹೋಲಿಸುವುದು ಅಗ್ಗದ ಕ್ರಮ. ಆದರೆ ನೀರು ಇಳಿಯದ ಮಟ್ಟದ ಕೆಳಗೆ ಏನಾಗಿದೆಯೆಂದು ಅದು ಹೇಳಲಾರದು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ವಿಚಾರದಲ್ಲಿ ಬರಗಾಲವೇ ಒಂದು ಅನುಕೂಲ. ಕೆರೆ ಒಣಗಿದಾಗ ಲೆವೆಲ್ ಯಂತ್ರ, ಅಳತೆಪಟ್ಟಿ ಹಿಡಿದು ಅಂಗಳದಲ್ಲಿ ನಡೆದೇ ಮಟ್ಟ ತೆಗೆಯಬಹುದು. ಡ್ರೋನ್ ಹಾರಿಸಿದರೆ ಒಂದೇ ದಿನದ ಕೆಲಸ. ತೂಬಿನ ಕಲ್ಲು, ಕೋಡಿಯ ನೆತ್ತಿ ಕದಲದ ಗುರುತುಗಳಾಗಿ ಸಿಕ್ಕೇ ಸಿಗುತ್ತವೆ.

ಮುಂದಿನದನ್ನು ಅಂದಾಜಿಸಲು ಭಾರತದ ಇಂಜಿನಿಯರುಗಳು ಬಹುಕಾಲ ಹಿಡಿದದ್ದು ಖೋಸ್ಲಾ ಅವರ 1953ರ ಸೂತ್ರ. 100 ಚದರ ಮೈಲಿ ಜಲಾನಯನಕ್ಕೆ ವರ್ಷಕ್ಕೆ 75 ಎಕರೆ-ಅಡಿ ಹೂಳು; ಇಂದಿನ ಮಾನದಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 3.6 ಹೆಕ್ಟೇರ್-ಮೀಟರ್. ಇದನ್ನು ಇಲ್ಲಿನ ಕೆರೆಯೊಂದಕ್ಕೆ ಒಗ್ಗಿಸಿ ನೋಡೋಣ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಕೆರೆ ಇದು. ಜಲಾನಯನ 25 ಚದರ ಕಿಲೋಮೀಟರ್, ಅಂಗಳ 40 ಹೆಕ್ಟೇರ್, ಸರಾಸರಿ ಆಳ 2 ಮೀಟರ್. ಹಿಡಿಯುವ ನೀರು 8 ಲಕ್ಷ ಘನಮೀಟರ್. ಖೋಸ್ಲಾ ದರದಲ್ಲಿ ವರ್ಷಕ್ಕೆ ಬರುವ ಹೂಳು 9,000 ಘನಮೀಟರ್, ಅಂದರೆ ಸಾಮರ್ಥ್ಯದ ನೂರಕ್ಕೆ 1ಕ್ಕಿಂತ ಸ್ವಲ್ಪ ಹೆಚ್ಚು. ಸುಮಾರು 45 ವರ್ಷಕ್ಕೆ ಕೆರೆ ಅರ್ಧವಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರಿಗೆ 3 ಘನಮೀಟರ್ ಹಿಡಿದರೆ ಬರೀ ಒಂದು ವರ್ಷದ ಹೂಳಿಗೆ 3,000 ಲೋಡು. 30 ವರ್ಷ ಬಿಟ್ಟು ಎತ್ತಲು ಹೊರಟರೆ 90,000 ಲೋಡು. ಹೂಳೆತ್ತುವ ಕಾಮಗಾರಿಯ ಫಲಕದ ಮುಂದೆ ನಿಂತಾಗ ಈ ಅಂಕಿಯನ್ನು ನೆನೆದರೆ, ನಡೆದಿರುವುದು ಹೂಳೆತ್ತುವುದೋ ಅಂಗಳ ಕೆರೆಯುವುದೋ ಗೊತ್ತಾಗುತ್ತದೆ.

ಖೋಸ್ಲಾ ದರ ಇಡೀ ದೇಶಕ್ಕೆ ಹೊದೆಸಿದ ಒಂದೇ ಕಂಬಳಿ. ಹೊಲ, ಇಳಿಜಾರು, ಬೆಳೆ ಯಾವುದನ್ನೂ ಅದು ಕೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್ ರೂಪಿಸಿದ ಸಾರ್ವತ್ರಿಕ ಮಣ್ಣು ಸವಕಳಿ ಸಮೀಕರಣವನ್ನು ಬಳಸುತ್ತಾರೆ. ಮಳೆಯ ಬಿರುಸು, ಮಣ್ಣಿನ ಸವೆಯುವ ಗುಣ, ಇಳಿಜಾರಿನ ಉದ್ದ ಮತ್ತು ಕಡಿದುತನ, ನೆಲಹೊದಿಕೆ, ಸಂರಕ್ಷಣಾ ಕ್ರಮ ಇವುಗಳನ್ನು ಒಂದಕ್ಕೊಂದು ಗುಣಿಸಿದರೆ ಹೆಕ್ಟೇರಿಗೆ ವರ್ಷಕ್ಕೆ ಎಷ್ಟು ಟನ್ ಮಣ್ಣು ಏಳುತ್ತದೆಂದು ಸಿಗುತ್ತದೆ. ನೆಲಹೊದಿಕೆಯ ಅಂಶ ಬೋಳು ಉಳುಮೆ ನೆಲಕ್ಕೆ 1, ದಟ್ಟ ಹುಲ್ಲು ಅಥವಾ ಕಾಡಿಗೆ 0.01ರ ಆಸುಪಾಸು. ಇಳಿಜಾರಿಗೆ ಅಡ್ಡವಾಗಿ ಉತ್ತರೆ ಸಾಧಾರಣ ಇಳಿಜಾರಿನಲ್ಲಿ ಸಂರಕ್ಷಣೆಯ ಅಂಶ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇರೆ ಯಾವ ಖರ್ಚೂ ಇಲ್ಲದೆ ನೇಗಿಲ ದಿಕ್ಕು ಬದಲಿಸಿದ್ದರಿಂದ ಆಗುವ ಲಾಭ ಇದು.

ಎದ್ದ ಮಣ್ಣೆಲ್ಲ ಕೆರೆಗೆ ಬರುವುದಿಲ್ಲ. 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಮಾಡಿದ ಅಂದಾಜಿನಂತೆ ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ನಿಗೂ ಮಿಕ್ಕಿ ಮಣ್ಣು ಏಳುತ್ತದೆ. ಅದರಲ್ಲಿ ನೂರಕ್ಕೆ 29 ಪಾಲು ಕಡಲಿಗೆ ಹೋಗುತ್ತದೆ, 10 ಪಾಲು ಜಲಾಶಯಗಳಲ್ಲಿ ಕೂರುತ್ತದೆ, ಉಳಿದದ್ದು ಜಾಗ ಬದಲಿಸಿ ನೆಲದಲ್ಲೇ ಇರುತ್ತದೆ. ಮೇಲಿನ ಕಲ್ಪಿತ ಕೆರೆಯ ಜಲಾನಯನಕ್ಕೆ ಈ ಸರಾಸರಿ ಹಾಕಿದರೆ ಏಳುವ ಮಣ್ಣು ಸುಮಾರು 41,000 ಟನ್. ಖೋಸ್ಲಾ ದರದ ಹೂಳು, ಘನಮೀಟರಿಗೆ 1.2 ಟನ್ ಹಿಡಿದರೆ, 10,800 ಟನ್. ನಾಲ್ಕರಲ್ಲಿ ಒಂದು ಪಾಲು ಕೆರೆ ಮುಟ್ಟುತ್ತದೆ ಎಂದಾಯಿತು. ಈ ಒಂದು ಪಾಲನ್ನು ತಲುಪಿಕೆಯ ಅನುಪಾತ ಎನ್ನುತ್ತಾರೆ. ಜಲಾನಯನ ಚಿಕ್ಕದಾದಷ್ಟೂ, ಕೊರಕಲು ಹೆಚ್ಚಿದಷ್ಟೂ ಅದು ಏರುತ್ತದೆ.

ಬಂದದ್ದರಲ್ಲಿ ಎಷ್ಟನ್ನು ಕೆರೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದಕ್ಕೆ 1953ರ ಬ್ರೂನ್ ರೇಖೆ ಇದೆ. ಸಾಮರ್ಥ್ಯವನ್ನು ವರ್ಷದ ಒಳಹರಿವಿನಿಂದ ಭಾಗಿಸಿದಾಗ 1 ಬಂದರೆ ನೂರಕ್ಕೆ 97ರಷ್ಟು ಹೂಳು ಒಳಗೇ ಉಳಿಯುತ್ತದೆ, 0.01 ಬಂದರೆ ಅರ್ಧಕ್ಕಿಂತ ಕಡಿಮೆ. ಬರದ ನಾಡಿನ ಕೆರೆಗೆ ಈ ರೇಖೆಯ ಅಗತ್ಯವೇ ಬಹಳ ವರ್ಷ ಬೀಳುವುದಿಲ್ಲ. ಕೋಡಿ ಬೀಳದ ಕೆರೆ ಬಂದ ಮಣ್ಣನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ನೂರಕ್ಕೆ ನೂರು. ಸಣ್ಣ ಚೆಕ್ ಡ್ಯಾಮಿನ ಕಥೆ ತಿರುಗುಮುರುಗು: ಅದು ಮರಳನ್ನು ಮಾತ್ರ ತಡೆದು, ಎರಡು ಮೂರು ಪ್ರವಾಹಕ್ಕೆ ತುಂಬಿ, ಆಮೇಲೆ ಹೂಳಿನ ಲೆಕ್ಕದಲ್ಲಿ ಇಲ್ಲದಂತೆಯೇ.

ವಾರ್ಷಿಕ ಸರಾಸರಿಯ ಮೇಲೆ ನಿಂತ ಸಮೀಕರಣಗಳಿಗೆ ನಮ್ಮ ಹಸ್ತ ಚಿತ್ತೆ ಮಳೆ ಹಿಡಿತಕ್ಕೆ ಸಿಗುವುದಿಲ್ಲ. ಹಳ್ಳದಲ್ಲಿ ನೀರಿನ ಹರಿವು ಎರಡು ಪಟ್ಟಾದರೆ ಅದು ಹೊರುವ ಮಣ್ಣು ಎಷ್ಟೋ ಸಲ ನಾಲ್ಕು ಪಟ್ಟಾಗುತ್ತದೆ. ಅದಕ್ಕಾಗಿಯೇ ವಿಲಿಯಮ್ಸ್ ಎಂಬ ತಜ್ಞ 1975ರಲ್ಲಿ ಸವಕಳಿ ಸಮೀಕರಣಕ್ಕೆ, ಮಳೆಯ ಬಿರುಸಿನ ಬದಲು ಒಂದೊಂದು ಮಳೆಯ ಹರಿವಿನ ಪ್ರಮಾಣವನ್ನೂ ಅದರ ಉತ್ತುಂಗವನ್ನೂ ಬಳಸುವ ಮಾರ್ಪಾಟು ಮಾಡಿದ. ಸ್ವಾಟ್ ಎಂಬ, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗಣಕ ಮಾದರಿ ಈ ಮಾರ್ಪಾಟನ್ನೇ ಹೊಟ್ಟೆಯಲ್ಲಿಟ್ಟುಕೊಂಡಿದೆ. ಭೂಮಿಯ ಏರುಪೇರು, ಮಣ್ಣಿನ ನಕ್ಷೆ, ಬೆಳೆಯ ನಕ್ಷೆ, ದಿನದಿನದ ಮಳೆ ಕೊಟ್ಟರೆ ಯಾವ ಉಪಜಲಾನಯನದಿಂದ ಎಷ್ಟು ಮಣ್ಣು ಹೊರಟಿತೆಂದು ಅದು ಹೇಳುತ್ತದೆ. ಆದರೆ ಹೇಳಿದ್ದು ನಿಜವೋ ಎಂದು ನೋಡಲು ಹಳ್ಳದಲ್ಲಿ ಅಳತೆಗೋಲು ಬೇಕು, ಸಣ್ಣ ಹಳ್ಳಗಳಲ್ಲಿ ಅದು ಇರುವುದಿಲ್ಲ. ಒಣಗಿದ ಕೆರೆಯ ಅಂಗಳದ ಅಳತೆಯೇ ಇಲ್ಲಿ ಸಾಕ್ಷಿಯಾಗಬೇಕು. ಮಾದರಿಯಿಂದ ಟನ್ನುಗಳ ನಿಖರ ಅಂಕಿ ನಿರೀಕ್ಷಿಸುವುದು ಅವಿವೇಕ. ಹತ್ತು ಉಪಜಲಾನಯನಗಳಲ್ಲಿ ಹೆಚ್ಚು ಮಣ್ಣು ಕೊಡುವ ಎರಡು ಯಾವುವು ಎಂಬುದನ್ನು ಅದು ಸರಿಯಾಗಿ ತೋರಿಸಿದರೆ ಕಾಸು ವಸೂಲಾಯಿತು.

ಹಿಂದಿನ ಏರ್ಪಾಡು

ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ, ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು 60 ಭಾಗ ಕೆರೆಗಳ ಹಿಡಿತಕ್ಕೆ ಬಂದಿದೆಯೆಂದು 1860ರ ದಶಕದಲ್ಲಿ ಲೆಕ್ಕ ಹಾಕಿದ್ದ. ಇಷ್ಟು ಕೆರೆಗಳು ಶತಮಾನಗಟ್ಟಲೆ ಉಳಿದದ್ದು ತಾವಾಗಿಯೇ ಅಲ್ಲ. ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಕೊಟ್ಟ ಕಟ್ಟುಗೊಡಗೆ ಭೂಮಿಯ, ಹೂಳು ಹೊರುವ ಕೆರೆಬಂಡಿಗೆ ಬಿಟ್ಟ ದತ್ತಿಯ ಪ್ರಸ್ತಾಪ ಕನ್ನಡ ಶಾಸನಗಳಲ್ಲಿ ಬರುತ್ತದೆ. ಹೂಳೆತ್ತುವುದು ಆಗ ಯೋಜನೆಯಲ್ಲ, ವರ್ಷದ ಕೆಲಸ. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಶಾಸನ ಕೆರೆಯ ಆರು ದೋಷಗಳನ್ನು ಹೇಳುವಾಗ ನಡುವೆ ದಿಬ್ಬ ಎದ್ದಿರುವುದನ್ನೂ ಎಣಿಸಿದೆ. ನೀರುಗಂಟಿ ತೂಬು ನೋಡಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಅಚ್ಚುಕಟ್ಟಿನ ರೈತರು ತಮ್ಮ ಬಂಡಿ ಕಟ್ಟಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತಿದ್ದರು. ಗೋಡು ಅವರ ಗದ್ದೆಗೆ ಗೊಬ್ಬರ, ಕೆರೆಗೆ ಜಾಗ. 1911ರಲ್ಲಿ ಸಂಸ್ಥಾನ ಕೆರೆ ಪಂಚಾಯಿತಿ ಕಾನೂನು ತಂದು ಈ ಹೊಣೆಗೆ ಬರವಣಿಗೆಯ ರೂಪ ಕೊಡಲು ಯತ್ನಿಸಿತು.

ಕೊಳವೆಬಾವಿ ಬಂದ ಮೇಲೆ ಕೆರೆಯ ಮೇಲಿನ ಹಿತಾಸಕ್ತಿ ಸಡಿಲವಾಯಿತು, ಬಂಡಿ ನಿಂತಿತು. 1980ರ ದಶಕದ ಸಾಮಾಜಿಕ ಅರಣ್ಯ ಕಾಲದಲ್ಲಿ ಕೆರೆಯಂಗಳಗಳಲ್ಲಿ ಜಾಲಿ ನೆಟ್ಟರು. ಬಳ್ಳಾರಿ ಜಾಲಿ ಯಾರೂ ನೆಡದೆ ತಾನೇ ಹಬ್ಬಿತು. ಜಾಲಿಯ ಬುಡ ಮಣ್ಣನ್ನು ತಡೆದು ದಿಬ್ಬ ಬೆಳೆಸುತ್ತದೆ, ಹೂಳೆತ್ತುವ ಯಂತ್ರಕ್ಕೂ ಅಡ್ಡಿ.

ತಲಪರಿಗೆಗಳ ವಿಷಯ ಇಲ್ಲಿ ಹೇಳಲೇಬೇಕು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಮರಳುನೆಲದಲ್ಲಿ ಹಳ್ಳದ ಬದಿಗೋ ಕೆರೆಯ ಅಂಚಿಗೋ ತೋಡಿ ಊಟೆಯ ನೀರನ್ನು ಕಾಲುವೆಗೆ ಬಿಡುತ್ತಿದ್ದ ಈ ಏರ್ಪಾಡನ್ನು ಹಳೆಯ ಮೈಸೂರು ಗೆಜೆಟಿಯರ್ ಈ ಸೀಮೆಯ ವಿಶೇಷವೆಂದು ದಾಖಲಿಸಿದೆ. ಮರಳು ಹೋಗಿ ಜೇಡಿ ಮುಚ್ಚಿದ ಕಡೆ ಊಟೆ ಬತ್ತಿತು. ಕೆರೆಗೆ ಹೂಳು ಶತ್ರು ಎನ್ನುವಾಗ ಯಾವ ಹೂಳು ಎಂದು ಕೇಳಬೇಕಾದದ್ದು ಈ ಕಾರಣಕ್ಕೇ. ಹಳ್ಳದ ಮರಳು ನೀರಿನ ಉಗ್ರಾಣ.

ತಡೆಯುವುದು, ತೆಗೆಯುವುದು

ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ನಡೆದ ಐದು ಜಿಲ್ಲೆಗಳಲ್ಲಿ ತುಮಕೂರೂ ಒಂದು. ಬದು, ಕೃಷಿಹೊಂಡ, ಕೊರಕಲು ತಡೆ, ಗೋಮಾಳದಲ್ಲಿ ಗಿಡ ಇಂಥ ಕೆಲಸಗಳು ಅದರಲ್ಲಿ ಸೇರಿದ್ದವು. ಅದೇ ಕಾಲದಲ್ಲಿ ಜಲಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಕೆರೆ ಪುನಶ್ಚೇತನಕ್ಕೆ ಇಳಿಯಿತು. ಒಂದು ಮೇಲಿನ ಹೊಲ ನೋಡಿತು, ಇನ್ನೊಂದು ಕೆಳಗಿನ ಕೆರೆ. ಒಂದೇ ಹಳ್ಳದ ಎರಡು ತುದಿಗಳ ಕೆಲಸ ಎರಡು ಕಚೇರಿಗಳ ಕಡತದಲ್ಲಿರುವ ಪರಿಪಾಠ ಇಂದಿಗೂ ಹೋಗಿಲ್ಲ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಜಲಾನಯನ ಕೃಷಿ ಇಲಾಖೆಯ ಕಡೆಗೆ. ಆಮೇಲೆ ನರೇಗಾ, ಕೆರೆ ಸಂಜೀವಿನಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’, 2022ರ ಅಮೃತ ಸರೋವರ ಹೀಗೆ ಹೆಸರುಗಳು ಸಾಲಾಗಿ ಬಂದವು. ತೆಲಂಗಾಣ 2015ರಲ್ಲಿ ಮಿಷನ್ ಕಾಕತೀಯ ಆರಂಭಿಸಿ 46,000ಕ್ಕೂ ಹೆಚ್ಚು ಕೆರೆಗಳನ್ನು ಪಟ್ಟಿಗೆ ತಂದು, ಗೋಡನ್ನು ರೈತರೇ ಹೊತ್ತೊಯ್ಯುವಂತೆ ಮಾಡಿದ್ದು ಈ ದಿಸೆಯಲ್ಲಿ ಗಮನಾರ್ಹ.

ತಡೆಯುವ ಕೆಲಸದಲ್ಲಿ ಕ್ರಮ ಮುಖ್ಯ. ಸರಪಳಿಯ ಮೇಲಿನ ಚಿಕ್ಕ ಕೆರೆ, ಗೋಕಟ್ಟೆಗಳಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಅವು ತುಂಬಿಹೋಗಿರುವಾಗ ಕೆಳಗಿನ ದೊಡ್ಡ ಕೆರೆಯನ್ನು ಎಷ್ಟು ತೋಡಿದರೂ ಮೇಲಿನವುಗಳ ಪಾಲಿನ ಮಣ್ಣೂ ಇಲ್ಲಿಗೇ ಬರುತ್ತದೆ. ಆದರೆ ಪಟ್ಟಣದ ಪಕ್ಕದ, ರಸ್ತೆಗೆ ಕಾಣುವ ದೊಡ್ಡ ಕೆರೆಗೆ ಮೊದಲು ಹಣ ಬರುತ್ತದೆ. ಬೆಟ್ಟದ ಬುಡದ ಕಟ್ಟೆಗೆ ಬರುವುದು ಕೊನೆಗೆ, ಅಥವಾ ಬರುವುದೇ ಇಲ್ಲ. ಕಾಲುವೆ ಕೆರೆಗೆ ಕೂಡುವ ಬಾಯಲ್ಲಿ ತಗ್ಗು ತೋಡಿ, ಕಲ್ಲಿನ ತಡೆ ಕಟ್ಟಿ ಹೂಳುಗುಂಡಿ ಮಾಡಿದರೆ ಮರಳು ಅಲ್ಲೇ ನಿಲ್ಲುತ್ತದೆ. ಅದನ್ನು ಪ್ರತಿ ಬೇಸಿಗೆ ಖಾಲಿ ಮಾಡುವವರಿದ್ದರೆ ಮಾತ್ರ ಅದು ಹೂಳುಗುಂಡಿ. ಇಲ್ಲವಾದರೆ ಹೂಳು ತುಂಬಿದ ಗುಂಡಿ. ಕಡಲೆಕಾಯಿ ಸಾಲುಗಳ ನಡುವೆ ತೊಗರಿಯ ಅಕ್ಕಡಿ, ಬದುವಿನ ಮೇಲೆ ಹುಲ್ಲು, ಇಳಿಜಾರಿಗೆ ಅಡ್ಡ ಉಳುಮೆ ಇವು ಹಳೆಯ ಮಾತುಗಳು. ಹಳೆಯವೆಂದು ಇವುಗಳ ಬೆಲೆ ಇಳಿದಿಲ್ಲ.

ತೆಗೆಯುವ ಕೆಲಸದಲ್ಲಿ ಹಿಟಾಚಿ, ಟಿಪ್ಪರ್ ಬಂದ ಮೇಲೆ ವೇಗ ಬಂದಿದೆ, ಹದ ಕೆಟ್ಟಿದೆ. ತೂಬಿನ ಮಟ್ಟದ ಕೆಳಗೆ ತೋಡಿದ ಗುಂಡಿಯ ನೀರು ತೂಬಿನಿಂದ ಹೊರಬರುವುದಿಲ್ಲ. ಕುಡಿಯುವ ನೀರನ್ನು ಪಂಪಿನಿಂದ ಎತ್ತುವ ಕೆರೆಗಾದರೆ ಅಡ್ಡಿಯಿಲ್ಲ. ಏರಿಯ ಬುಡದಲ್ಲಿ ಆಳ ತೆಗೆದರೆ ಏರಿಯ ಭದ್ರತೆಗೆ ಧಕ್ಕೆ. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುವವರು ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಬಾವಿಯಂಥ ಹೊಂಡ ಬಿಟ್ಟುಹೋಗುತ್ತಾರೆ. ಮಳೆಗಾಲದಲ್ಲಿ ಅವು ಈಜಲು ಇಳಿದ ಮಕ್ಕಳ ಜೀವಕ್ಕೆ ಕುತ್ತು. ಎತ್ತಿದ ಹೂಳನ್ನು ಕೆರೆಯ ಅಂಚಿನಲ್ಲೇ ಗುಡ್ಡೆ ಹಾಕಿ ಬಿಲ್ಲು ಬರೆದರೆ ಮುಂದಿನ ಮಳೆಗೆ ಅದು ಮರಳಿ ಮನೆ ಸೇರುತ್ತದೆ. ಹೂಳು ಹೊಲ ಸೇರಬೇಕು. ಮರಳುಮಿಶ್ರಿತ ಕೆಂಪುನೆಲಕ್ಕೆ ಏರಿ ಬುಡದ ಜೇಡಿಗೋಡು ಬಿದ್ದರೆ ನೀರು ಹಿಡಿಯುವ ಗುಣ ಹೆಚ್ಚುತ್ತದೆ, ನಾಲ್ಕೈದು ವರ್ಷ ಅದರ ಕಸುವು ಇರುತ್ತದೆನ್ನುತ್ತಾರೆ ರೈತರು. ಕೆರೆಯ ಬಾಯಿಯ ಮರಳನ್ನು ಹೊಲಕ್ಕೆ ಹೊಡೆದವನಿಗೆ ಡೀಸೆಲ್ ಖರ್ಚೇ ಫಲ. ಪಟ್ಟಣದ ಚರಂಡಿ ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ತಳದ ಬಾಗಿಲು ತೆರೆದು ಪ್ರವಾಹದ ನೀರಿನೊಂದಿಗೆ ಹೂಳನ್ನು ತೊಳೆದುಬಿಡುವ ಕ್ರಮ ದೊಡ್ಡ ಅಣೆಕಟ್ಟೆಗಳಲ್ಲಿ ಉಂಟು. ಚೀನಾದ ಹಳದಿ ನದಿಯ ಸಾನ್‌ಮೆನ್‌ಷಿಯಾ ಅಣೆಕಟ್ಟೆ 1960ರಲ್ಲಿ ಮುಗಿದು ಕೆಲವೇ ವರ್ಷಗಳಲ್ಲಿ ಹೂಳಿನಿಂದ ಕಂಗೆಟ್ಟಾಗ ತಳಬಾಗಿಲುಗಳನ್ನು ಕೊರೆದು ಉಳಿಸಿಕೊಂಡರು. ಹನಿ ನೀರಿಗೂ ಬಾಯಿಬಿಡುವ ಪಾವಗಡದಲ್ಲಿ ಹೂಳು ತೊಳೆಯಲೆಂದು ನೀರು ಬಿಡುವ ಮಾತನ್ನು ಯಾರೂ ಕೇಳಿಸಿಕೊಳ್ಳಲಾರರು.

ಹೊರಗಿನ ನೀರು, ಹೊಸ ಲೆಕ್ಕ

ಈಗ ಈ ತಾಲ್ಲೂಕುಗಳಿಗೆ ಕುಡಿಯುವ ನೀರು ಹೊರಗಿನಿಂದಲೂ ಬರುತ್ತದೆ. ಹೇಮಾವತಿಯ ನೀರು ನಾಲೆಯಲ್ಲಿ ಕಳ್ಳಂಬೆಳ್ಳ ಕೆರೆಗೂ ಅಲ್ಲಿಂದ ಶಿರಾ ಕೆರೆಗೂ ಬರುತ್ತದೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ಹರಿಸುವುದೇ ದೊಡ್ಡ ಮಾತಾಗಿತ್ತು. ಹೇಮಾವತಿಯ ಗೊರೂರು ಜಲಾಶಯದಲ್ಲಿ ತಿಳಿಯಾಗಿ ಹೊರಟ ನೀರು ತರುವ ಮಣ್ಣು ಅಷ್ಟಿಷ್ಟು. ತೊಂದರೆ ಬೇರೆ ಕಡೆ. ಹಿಂದೆ ಬೇಸಿಗೆಗೆ ಒಣಗುತ್ತಿದ್ದ ಕೆರೆ ಈಗ ಪಟ್ಟಣದ ಜಲಾಶಯವಾಗಿ ವರ್ಷವಿಡೀ ನೀರು ಹಿಡಿಯಬೇಕು. ಸುತ್ತಲ ಹಳ್ಳಗಳಿಂದ ಹೂಳು ಮೊದಲಿನಂತೆ ಬರುತ್ತಲೇ ಇರುತ್ತದೆ, ಎತ್ತುವ ಬೇಸಿಗೆ ಮಾತ್ರ ಇಲ್ಲವಾಗುತ್ತದೆ. ಮೊದಲೇ ಹೇಳಿದಂತೆ ಮುಳುಗಿಯೇ ಇರುವ ಜೇಡಿ ಹೆಚ್ಚು ಜಾಗವನ್ನೂ ಹಿಡಿಯುತ್ತದೆ.

ಪಾವಗಡಕ್ಕೆ ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ 2025ರಲ್ಲಿ ಉದ್ಘಾಟನೆಗೊಂಡಿತು. ಫ್ಲೋರೈಡ್ ನೀರು ಕುಡಿದು ಬೆನ್ನು ಬಾಗಿದ ತಾಲ್ಲೂಕಿಗೆ ಇದು ದೊಡ್ಡ ಉಪಕಾರ. ಆದರೆ ನೀರು ಕೊಡುವ ಜಲಾಶಯವೇ ರಾಜ್ಯದಲ್ಲಿ ಹೂಳಿಗೆ ಹೆಸರಾದದ್ದು. 1953ರಲ್ಲಿ 132.47 ಟಿಎಂಸಿ ಇದ್ದ ಅದರ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.79 ಟಿಎಂಸಿ. 63 ವರ್ಷಗಳಲ್ಲಿ ಐದನೆಯ ಒಂದು ಪಾಲು ಹೋಯಿತು. 28,180 ಚದರ ಕಿಲೋಮೀಟರ್ ಜಲಾನಯನಕ್ಕೆ ಹಂಚಿದರೆ 100 ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 4.3 ಹೆಕ್ಟೇರ್-ಮೀಟರ್, ಖೋಸ್ಲಾ ದರಕ್ಕಿಂತ ಹೆಚ್ಚು. ಅದೇ ಜಲಾಶಯಕ್ಕೆ 2008ರ ಸಮೀಕ್ಷೆ 100.86 ಟಿಎಂಸಿ ಎಂದಿತ್ತು. ಎಂಟು ವರ್ಷದಲ್ಲಿ ಹೂಳು ತಾನಾಗಿ ಕರಗುವುದಿಲ್ಲ. ಅಳೆಯುವ ಕ್ರಮ ಬದಲಾದರೆ 5 ಟಿಎಂಸಿಯಷ್ಟು ವ್ಯತ್ಯಾಸ ಬರಬಹುದೆಂದು ಇದರಿಂದ ತಿಳಿಯಬೇಕು.

ಹೊರಗಿನ ನೀರು ತರುವ ಇನ್ನೊಂದು ಯೋಜನೆಯಾದ ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ಒಟ್ಟು 24.01 ಟಿಎಂಸಿಯ ಈ ಯೋಜನೆಯಲ್ಲಿ 527 ಕೆರೆಗಳನ್ನು ಅರ್ಧ ಸಾಮರ್ಥ್ಯದವರೆಗೆ ತುಂಬಿಸುವ ಪಾಲೂ ಇದೆ. ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲುವಿನಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪ ಬಂದಿತ್ತು. ಶಿರಾ, ಪಾವಗಡದ ಹಲವು ಕೆರೆಗಳು ಭದ್ರಾ ಮೇಲ್ದಂಡೆ ಯೋಜನೆಯ ಪಟ್ಟಿಯಲ್ಲಿವೆ. ಅರ್ಧ ಸಾಮರ್ಥ್ಯ ಎನ್ನುವಾಗ ಯಾವ ಸಾಮರ್ಥ್ಯದ ಅರ್ಧ? ಕಟ್ಟಿದಾಗಿನ ಪುಸ್ತಕದ ಅಂಕಿಯದೋ, ಹೂಳು ಕೂತ ಮೇಲೆ ಉಳಿದದ್ದರದೋ? ನೀರು ಬಂದು ನಿಲ್ಲುವ ಮೊದಲು, ಅಂಗಳ ಒಣಗಿರುವ ಬೇಸಿಗೆಯಲ್ಲೇ ಪ್ರತಿ ಕೆರೆಯ ತಳದ ಮಟ್ಟವನ್ನು ಅಳೆದು, ತೂಬಿನ ಕಲ್ಲಿಗೆ ಹೊಂದಿಸಿ ಬರೆದು, ಗ್ರಾಮ ಪಂಚಾಯಿತಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಇಂದು ಒಬ್ಬ ಸರ್ವೇಯರ್, ಒಂದು ಲೆವೆಲ್ ಯಂತ್ರದಿಂದ ಆಗುವ ಈ ಕೆಲಸಕ್ಕೆ ಕೆರೆ ತುಂಬಿದ ಮೇಲೆ ದೋಣಿ, ಆಳಮಾಪಕ, ಟೆಂಡರು ಬೇಕಾಗುತ್ತವೆ.